ಅಡಿ ಇದ್ದದ್ದು ಇಂಚಾದಾಗ: ಗೊಂಬೆಮನೆಯ ಪುಟಾಣಿ ಪಾತ್ರೆಗಳು

ಗೊಂಬೆಮನೆಗೆ ಪುಟಾಣಿ ಪಾತ್ರೆ ಮಾಡೋದು ಹೇಗೆ? ಇವತ್ತು ಅದನ್ನೇ ಹೇಳ್ತೀನಿ.

ಮೊದಲು ಅಳತೆ. ಗೊಂಬೆಮನೆ ಮಾಡುವವರು ಹೆಚ್ಚಾಗಿ 1:12 ಲೆಕ್ಕ ಹಿಡೀತಾರೆ. ಅಂದ್ರೆ ಅಡಿ ಇದ್ದದ್ದು ಇಂಚಾಗುತ್ತೆ. 6 ಅಡಿಯ ಬಾಗಿಲು 6 ಇಂಚು, ಒಂದಡಿ ಎತ್ತರದ ಕೊಡ ಒಂದೇ ಇಂಚು. ಇಂಗ್ಲೆಂಡಿನ ವಿಂಡ್ಸರ್ ಕೋಟೆಯಲ್ಲಿದೆಯಲ್ಲ, 1924ರಲ್ಲಿ ಮುಗಿದ ರಾಣಿ ಮೇರಿಯ ಗೊಂಬೆಮನೆ, ಅದರದ್ದೂ ಇದೇ ಲೆಕ್ಕ. ಒಂದು ಲೋಟ ದೊಡ್ಡದಾದ್ರೂ ಇಡೀ ಅಡುಗೆಮನೆ ಸುಳ್ಳು ಅನ್ಸುತ್ತೆ.

ಈಗ ನಮ್ಮ ಚನ್ನಪಟ್ಟಣಕ್ಕೆ ಬನ್ನಿ. ಇಲ್ಲಿ ಪುಟ್ಟ ಅಡುಗೆ ಸಾಮಾನನ್ನ ಮರದಲ್ಲೇ ಕಡೀತಾರೆ. ಹಾಲೆ ಮರ ಮೆತ್ತಗೆ, ನಯ. ಆದ್ರೆ ಚೆನ್ನಾಗಿ ಒಣಗಿರಬೇಕು, ಇಲ್ಲದಿದ್ರೆ ಆಮೇಲೆ ಬಿರುಕು ಬಿಡುತ್ತೆ. ಮರದ ತುಂಡನ್ನ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸ್ತಾ ಉಳಿಯಿಂದ ಆಕಾರ ಕೊಡ್ತಾರೆ. ಬಣ್ಣಕ್ಕೆ ಬ್ರಷ್ ಬೇಡ! ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದ್ರೆ, ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತೆ. ಮೇಲೆ ಕೇದಗೆ ಗರಿ ತಿಕ್ಕಿದ್ರೆ ಹೊಳಪು. ಕೊಡವನ್ನ ಬೇರೆ ಮಾಡೋದು ಕಟ್ಟಕಡೆಗೆ. ಮೊದಲೇ ಕತ್ತರಿಸಿದ್ರೆ ಅಷ್ಟು ಚಿಕ್ಕದನ್ನ ಹಿಡಿಯೋದಾದ್ರೂ ಹೇಗೆ?

ಇನ್ನೊಂದು ಮಾತು, ಮನೇಲಿ ಪುಟ್ಟ ಮಕ್ಕಳಿರೋರಿಗೆ. ಆಟಿಕೆ ಪರೀಕ್ಷೆಯಲ್ಲಿ ಸುಮಾರು 3 ಸೆಂ.ಮೀ. ಅಗಲದ ಕೊಳವೆ ಬಳಸ್ತಾರೆ. ಅದರೊಳಗೆ ಪೂರ್ತಿ ಹಿಡಿಸುವ ವಸ್ತು 3 ವರ್ಷದೊಳಗಿನ ಮಕ್ಕಳ ಗಂಟಲಿಗೆ ಅಪಾಯ. ನಮ್ಮ ಒಂದಿಂಚಿನ ಕೊಡ ಅದರಲ್ಲಿ ಸಲೀಸಾಗಿ ಕೂರುತ್ತೆ. ಬಣ್ಣ ಅರಿಶಿನದ್ದೇ ಆಗಿರ್ಲಿ, ಗಾತ್ರ ಬದಲಾಗಲ್ಲ. ಅಂಥ ಮಕ್ಕಳಿಗೆ ಅಂಗೈ ತುಂಬುವ ಆಟಿಕೆ ಕೊಡಿ. ಗೊಂಬೆಮನೆ ಸದ್ಯಕ್ಕೆ ಮೇಲಿನ ಕಪಾಟಲ್ಲಿರ್ಲಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.