ತನಗೆ ತಾನೇ ಡಿಕ್ಕಿ ಹೊಡೆದು ನೋಡುವ ಚಿಪ್

ಕಾರಿನ ಕೀಲಿ ತಿರುಗಿಸಿದರೆ ಏರ್‌ಬ್ಯಾಗಿನ ದೀಪ ಕೆಲವು ಸೆಕೆಂಡು ಹೊತ್ತಿ ಆರುತ್ತದೆ. ಅಷ್ಟರೊಳಗೆ ಸಿಲಿಕಾನ್ ಚೂರೊಂದು ಒಂದು ಹುಸಿ ಅಪಘಾತ ಮಾಡಿಕೊಂಡು ನೋಡಿರುತ್ತದೆ.

ಹಳೆಯ ಏರ್‌ಬ್ಯಾಗುಗಳಲ್ಲಿ ಪುಟ್ಟ ಕೊಳವೆಯೊಳಗೆ ಅಯಸ್ಕಾಂತ ಹಿಡಿದಿಟ್ಟ ಉಕ್ಕಿನ ಗುಂಡು ಇರುತ್ತಿತ್ತು. ಡಿಕ್ಕಿಯಾದಾಗ ಅದು ಹಿಡಿತ ಬಿಡಿಸಿಕೊಂಡು ಉರುಳಿ ವಿದ್ಯುತ್ ಸಂಪರ್ಕ ಕೂಡಿಸಬೇಕು. 1990ರ ದಶಕದ ಆರಂಭದಲ್ಲಿ ಅಮೆರಿಕದ ಅನಲಾಗ್ ಡಿವೈಸಸ್ ಕಂಪನಿ ತಂದ ಎಡಿಎಕ್ಸ್‌ಎಲ್-50 ಚಿಪ್ ಈ ಗುಂಡಿನ ಕೆಲಸವನ್ನು ಸಿಲಿಕಾನಿಗೆ ವಹಿಸಿತು.

ಸೂಕ್ಷ್ಮದರ್ಶಕದಲ್ಲಿ ಅದು ಒಂದರೊಳಗೊಂದು ಹೊಕ್ಕ ಬಾಚಣಿಗೆಗಳಂತೆ ಕಾಣುತ್ತದೆ. ಒಂದು ಬಾಚಣಿಗೆ ಸ್ಥಿರ, ಇನ್ನೊಂದು ತೂಗಾಡುವಂಥದ್ದು. ಹಲ್ಲುಗಳ ನಡುವಿನ ಸಂದು ಒಂದು ಮೈಕ್ರಾನಿಗಿಂತ ತುಸು ಹೆಚ್ಚು; ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ. ಕಾರು ಥಟ್ಟನೆ ನಿಂತರೆ ತೂಗಾಡುವ ಬಾಚಣಿಗೆ ಜರುಗುತ್ತದೆ, ಸಂದು ಬದಲಾಗುತ್ತದೆ, ಜೊತೆಗೆ ವಿದ್ಯುತ್ ಧಾರಕತೆಯೂ. ಆ ಬದಲಾವಣೆ ಎಷ್ಟು ಕ್ಷೀಣವೆಂದರೆ ಉದ್ದದ ತಂತಿಯಲ್ಲಿ ಹಾಯಿಸಿದರೆ ದಾರಿಯಲ್ಲೇ ಗದ್ದಲದಲ್ಲಿ ಕಳೆದುಹೋಗುತ್ತದೆ. ಹಾಗಾಗಿ ಅದನ್ನು ಓದುವ ಸರ್ಕ್ಯೂಟನ್ನೂ ಅದೇ ಚಿಪ್ಪಿನ ಮೇಲೆ, ಪಕ್ಕದಲ್ಲೇ ಕಟ್ಟಿದರು. ನನ್ನ ಮಟ್ಟಿಗೆ ಗಾತ್ರ ಕುಗ್ಗಿಸಿದ್ದಕ್ಕಿಂತ ಈ ಒಟ್ಟುಬಾಳ್ವೆಯೇ ದೊಡ್ಡ ಸಾಧನೆ.

ಏಕೆಂದರೆ ಬಾಚಣಿಗೆಯೂ ಸರ್ಕ್ಯೂಟೂ ಸುಲಭವಾಗಿ ಹೊಂದಿಕೊಳ್ಳುವುದಿಲ್ಲ. ಬಾಚಣಿಗೆಯ ಪಾಲಿಸಿಲಿಕಾನ್ ಪದರವನ್ನು ಹದಗೊಳಿಸಲು ಸಾಮಾನ್ಯವಾಗಿ 1000 ಡಿಗ್ರಿಯ ಆಸುಪಾಸಿನ ಕಾವು ಬೇಕು. ಸರ್ಕ್ಯೂಟಿನ ಅಲ್ಯೂಮಿನಿಯಂ ತಂತಿಗಳೋ 660 ಡಿಗ್ರಿಗೇ ಕರಗಿಬಿಡುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಅಡುಗೆಮನೆಯ ಪ್ರಶ್ನೆಗೆ ಇಲ್ಲಿ ಉತ್ತರ ತಪ್ಪಿದರೆ ಚಿಪ್ಪೇ ಹಾಳು.

ಇನ್ನೊಂದು ವೈರಿ ನೀರು. ಬಾಚಣಿಗೆಯ ಕೆಳಗಿನ ಆಸರೆಯ ಪದರವನ್ನು ಆಮ್ಲದಲ್ಲಿ ಕರಗಿಸಿ, ತೊಳೆದು ಒಣಗಿಸಬೇಕು. ಒದ್ದೆ ಕೂದಲು ಒಂದಕ್ಕೊಂದು ಅಂಟುವಂತೆ, ಆರುತ್ತಿರುವ ನೀರಿನ ಮೇಲ್ಮೈ ಸೆಳೆತವೇ ತೂಗಾಡಬೇಕಾದ ಭಾಗವನ್ನು ತಳಕ್ಕೆ ಎಳೆದು ಅಂಟಿಸಿಬಿಡುತ್ತದೆ. ಒಮ್ಮೆ ಅಂಟಿದರೆ ಬಿಡಿಸುವುದು ಬಹಳ ಕಷ್ಟ. ಬಳಕೆಯಲ್ಲಿರುವ ಚಿಪ್ಪಿಗೂ ಈ ಅಪಾಯ ತಪ್ಪಿದ್ದಲ್ಲ.

ಜರುಗುವುದು, ಅದನ್ನು ಅಳೆಯುವುದು ಆದಮೇಲೆ ಚಿಪ್ಪಿನ ಮೂರನೆಯ ಕೆಲಸ, ಅಂದರೆ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಒದಗಿಬರುವುದು ಇಲ್ಲೇ. ಸಂದಿನ ಆಚೀಚೆ ವೋಲ್ಟೇಜ್ ಕೊಟ್ಟರೆ ಹಲ್ಲುಗಳು ಪರಸ್ಪರ ಸೆಳೆಯುತ್ತವೆ. ಡಿಕ್ಕಿಯೇ ಆಯಿತೇನೋ ಎಂಬಂತೆ ಬಾಚಣಿಗೆ ಜರುಗುತ್ತದೆ. ಪಕ್ಕದ ಸರ್ಕ್ಯೂಟು ಆ ಜರುಗನ್ನು ಅಳೆದು, ಎಷ್ಟು ಇರಬೇಕೋ ಅಷ್ಟಿದೆ ಎಂದು ಖಚಿತಪಡಿಸಿದರೆ ಸರಿ. ಬಾಚಣಿಗೆ ಅಂಟಿಕೊಂಡಿದ್ದರೆ ಕದಲುವುದಿಲ್ಲ, ಡ್ಯಾಶ್‌ಬೋರ್ಡಿನ ಆ ದೀಪವೂ ಆರುವುದಿಲ್ಲ.