ಐದು ರೂಪಾಯಿ ಸಿಕ್ಕಿಕೊಂಡಾಗ

ನಿಮ್ಮ ಮಗಳು ಕಾಲೇಜಿನಲ್ಲಿದ್ದಾಳೆ. ಲೆಕ್ಕ ಹಾಕಿದ್ದಕ್ಕಿಂತ ಎರಡು ದಿನ ಮೊದಲೇ ಮುಟ್ಟಾಗಿದೆ. ಶೌಚಾಲಯದ ಗೋಡೆಯಲ್ಲಿರುವ ನ್ಯಾಪ್‌ಕಿನ್ ಯಂತ್ರಕ್ಕೆ ಐದು ರೂಪಾಯಿ ಹಾಕುತ್ತಾಳೆ. ನಾಣ್ಯ ಒಳಗೆ ಹೋಯಿತು, ನ್ಯಾಪ್‌ಕಿನ್ ಬರಲಿಲ್ಲ. ಯಾರಲ್ಲಿ ಹೇಳುವುದು? ಅಟೆಂಡರ್ ಗಂಡಸು. ಕೊನೆಗೆ ಹೊಟ್ಟೆನೋವೆಂದು ಹೇಳಿ ಮನೆಗೆ ಬರುತ್ತಾಳೆ. ಇಲ್ಲವೇ ಕರವಸ್ತ್ರ ಮಡಚಿಟ್ಟುಕೊಂಡು ಸಂಜೆಯವರೆಗೆ ಬೆಂಚಿನಿಂದ ಏಳದೆ ಕೂರುತ್ತಾಳೆ.

ನ್ಯಾಪ್‌ಕಿನ್ನನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಒದ್ದೆ ಬಟ್ಟೆಯಲ್ಲೇ ದಿನವಿಡೀ ಕುಳಿತರೆ ತುರಿಕೆ, ದದ್ದು ಕಾಣಿಸಿಕೊಳ್ಳುತ್ತವೆ. ದಾನಿಗಳು ಕೊಟ್ಟ ಯಂತ್ರ ಸಣ್ಣದೊಂದು ದೋಷದಿಂದ ಮೂಲೆಗುಂಪಾದರೆ ಅದರ ಕಷ್ಟ ಉಣ್ಣುವವರು ಈ ಹೆಣ್ಣುಮಕ್ಕಳು. ಆದರೆ ನಾಣ್ಯದ ಭಾಗದ ತೊಂದರೆಗಳಲ್ಲಿ ಹೆಚ್ಚಿನವನ್ನು ಶಿಕ್ಷಕಿಯೋ ಹಾಸ್ಟೆಲ್ ವಾರ್ಡನ್ನೋ ತಾವೇ ಸರಿಪಡಿಸಬಹುದು.

ನಾಣ್ಯ ಹಾಗೆಯೇ ಹೊರಬಂದರೆ

ಮೊದಲು ಸ್ವಿಚ್ ನೋಡಿ. ಶೌಚಾಲಯದ ದೀಪದೊಂದಿಗೆ ಯಂತ್ರದ ಸ್ವಿಚ್ಚನ್ನೂ ಆರಿಸಿಬಿಡುವುದುಂಟು. ನಂತರ ಒಳಗೆ ನ್ಯಾಪ್‌ಕಿನ್ ಇದೆಯೇ ನೋಡಿ. ದಾಸ್ತಾನು ಮುಗಿದಾಗ ನಾಣ್ಯವನ್ನು ಹಿಂದಿರುಗಿಸುವ ಯಂತ್ರಗಳಿವೆ.

ಇವೆರಡೂ ಸರಿಯಿದ್ದರೆ ನಾಣ್ಯವನ್ನೇ ಗಮನಿಸಿ. ನಮ್ಮ ಐದು ರೂಪಾಯಿ ನಾಣ್ಯಗಳೆಲ್ಲ ಒಂದೇ ಬಗೆಯವಲ್ಲ. ಹಳೆಯ ದಪ್ಪ ಬಿಳಿ ನಾಣ್ಯದ ತೂಕ 9 ಗ್ರಾಂ. 2011ರ ಸರಣಿಯ ಹಳದಿ ನಾಣ್ಯ 6 ಗ್ರಾಂ. ಎರಡರ ಅಗಲವೂ 23 ಮಿ.ಮೀ. 2019ರಲ್ಲಿ ಬಂದ ಹೊಸ ಸರಣಿಯದು 25 ಮಿ.ಮೀ. ಅಂಗಡಿಯಲ್ಲಿ ಇವೆಲ್ಲ ಚಲಾವಣೆಯ ನಾಣ್ಯಗಳೇ. ಯಂತ್ರಕ್ಕೆ ಮಾತ್ರ ಬೇರೆ ಬೇರೆ. ಅನೇಕ ಯಂತ್ರಗಳ ಒಳಗೆ ಮಾದರಿಗಾಗಿ ಒಂದು ನಾಣ್ಯವನ್ನು ಸಿಕ್ಕಿಸಿರುತ್ತಾರೆ. ಹಾಕಿದ ನಾಣ್ಯದ ಲೋಹ ಮತ್ತು ಗಾತ್ರ ಅದಕ್ಕೆ ಹೊಂದದಿದ್ದರೆ ಯಂತ್ರ ಅದನ್ನು ಹೊರಗೆ ತಳ್ಳುತ್ತದೆ. ಮಾದರಿ ನಾಣ್ಯ ಜಾರಿ ಓರೆಯಾಗಿದ್ದರೂ ಹೀಗೇ ಆಗುತ್ತದೆ. ಅದನ್ನು ನೆಟ್ಟಗೆ ಕೂರಿಸಿ. ನಿಮ್ಮ ಊರಿನಲ್ಲಿ ಹೆಚ್ಚು ಓಡಾಡುವ ನಾಣ್ಯವೇ ಮಾದರಿಯಾಗಿರಲಿ. ಯಾವ ನಾಣ್ಯ ನಡೆಯುತ್ತದೆ ಎಂಬುದರ ಚಿತ್ರವನ್ನು ಯಂತ್ರದ ಮೇಲೆ ಅಂಟಿಸಿ.

ನಾಣ್ಯ ಒಳಗೇ ಸಿಕ್ಕಿಕೊಂಡರೆ

ಹಿಂದಿರುಗಿಸುವ ಗುಂಡಿ ಇದ್ದರೆ ನಿಧಾನವಾಗಿ ಎರಡು ಮೂರು ಸಲ ಒತ್ತಿ. ಯಂತ್ರವನ್ನು ಗುದ್ದಬೇಡಿ, ಹೇರ್‌ಪಿನ್ ತುರುಕಬೇಡಿ. ಆಗಲೂ ಬಾರದಿದ್ದರೆ ಪ್ಲಗ್ ತೆಗೆದು, ಬೀಗ ತೆರೆದು ನೋಡಿ. ನಾಣ್ಯದ ಡಬ್ಬಿ ತುಂಬಿ ದಾರಿಯವರೆಗೂ ನಾಣ್ಯಗಳು ಒಟ್ಟಾಗಿರಬಹುದು. ಬಾಗಿದ ನಾಣ್ಯ, ಕಾಗದದ ಚೂರು, ವಾಷರ್ ಅಡ್ಡ ನಿಂತಿರಬಹುದು. ಅವನ್ನು ತೆಗೆದು, ನಾಣ್ಯ ಜಾರುವ ದಾರಿಯನ್ನು ಒಣ ಮೃದು ಬಟ್ಟೆಯಿಂದ ಒರೆಸಿ. ಅಂಟು ಕೊಳೆಯಿದ್ದರೆ ಹತ್ತಿಗೆ ತುಸು ಸರ್ಜಿಕಲ್ ಸ್ಪಿರಿಟ್ ಹಚ್ಚಿ ಒರೆಸಿ, ಪೂರ್ತಿ ಆರಿದ ಮೇಲೆಯೇ ಪ್ಲಗ್ ಹಾಕಿ. ಎಣ್ಣೆ ಮಾತ್ರ ಬಿಡಬೇಡಿ. ಅಂದಿಗೆ ಸಲೀಸಾಗಿ ಓಡಿದಂತೆ ಕಂಡರೂ ಆಮೇಲೆ ಎಣ್ಣೆ ಧೂಳನ್ನು ಹಿಡಿದು ದಾರಿಯನ್ನೇ ಕಟ್ಟುತ್ತದೆ.

ನಾಣ್ಯ ನುಂಗಿ ನ್ಯಾಪ್‌ಕಿನ್ ಕೊಡದಿದ್ದರೆ

ನಾಣ್ಯ ಡಬ್ಬಿಗೆ ಬಿದ್ದಿದ್ದರೆ ಅದನ್ನು ಸ್ವೀಕರಿಸುವ ಭಾಗ ತನ್ನ ಕೆಲಸ ಮಾಡಿದೆ ಎಂದರ್ಥ. ಹಾಗಾದರೆ ಪೊಟ್ಟಣಗಳತ್ತ ನೋಡಿ. ತೇವಕ್ಕೆ ಉಬ್ಬಿದ, ಓರೆಯಾಗಿ ಜೋಡಿಸಿದ ಅಥವಾ ಬೇರೆ ಅಳತೆಯ ಪೊಟ್ಟಣ ಹೊರಬಾರದೆ ನಿಂತಿರಬಹುದು. ಅದನ್ನು ನೇರ ಮಾಡಿ. ಮತ್ತೆ ನಾಣ್ಯ ಹಾಕಿದಾಗ ಮೋಟಾರಿನ ಸದ್ದೇ ಕೇಳದಿದ್ದರೆ ತಂತಿ, ಸರ್ಕ್ಯೂಟ್‌ಗಳಿಗೆ ಕೈಹಾಕಬೇಡಿ. ಅದು ಮೆಕ್ಯಾನಿಕ್‌ನ ಕೆಲಸ. ಯಾವ ನಾಣ್ಯ ಹಾಕಿದಿರಿ, ಏನಾಯಿತು ಎಂದು ಬರೆದಿಟ್ಟು ಅವರಿಗೆ ಹೇಳಿದರೆ ದೋಷ ಬೇಗ ಸಿಗುತ್ತದೆ.

ಕೀಲಿಕೈ ಯಾರಲ್ಲಿದೆ?

ಇದು ಎಲ್ಲಕ್ಕಿಂತ ಮುಖ್ಯ. ಕೀಲಿಕೈ ಆಫೀಸಿನ ಕಪಾಟಿನಲ್ಲಿದ್ದರೆ ಹುಡುಗಿಯರು ಕೇಳುವುದಿಲ್ಲ. ಅದು ಒಬ್ಬ ಶಿಕ್ಷಕಿಯ ಬಳಿ ಇರಲಿ, ಅವರ ಹೆಸರು ಎಲ್ಲ ಹುಡುಗಿಯರಿಗೂ ತಿಳಿದಿರಲಿ. ವಾರಕ್ಕೊಮ್ಮೆ ಡಬ್ಬಿ ಖಾಲಿ ಮಾಡಿ, ಒಂದು ನಾಣ್ಯ ಹಾಕಿ ಪರೀಕ್ಷಿಸಲಿ. ಯಂತ್ರ ಕೆಟ್ಟ ದಿನಕ್ಕೆಂದು ಅವರಲ್ಲಿ ಹತ್ತು ನ್ಯಾಪ್‌ಕಿನ್ ಬೇರೆಯಾಗಿರಲಿ. ಜನೌಷಧಿ ಕೇಂದ್ರಗಳಲ್ಲಿ 2019ರ ಆಗಸ್ಟ್‌ನಿಂದ ಒಂದು ನ್ಯಾಪ್‌ಕಿನ್ನಿನ ಬೆಲೆಯನ್ನು ಒಂದು ರೂಪಾಯಿಗೆ ಇಳಿಸಲಾಗಿದೆ; ಇದೇನೂ ದೊಡ್ಡ ಖರ್ಚಲ್ಲ.

ಇನ್ನು ಮನೆಯ ಕೆಲಸ. ಮಗಳ ಚೀಲದಲ್ಲಿ ಕಾಗದದಲ್ಲಿ ಸುತ್ತಿದ ಒಂದು ನ್ಯಾಪ್‌ಕಿನ್ ಸದಾ ಇರಲಿ. ನಾಣ್ಯ ಹತ್ತಾರು ಕೈ ದಾಟಿ ಬಂದಿರುತ್ತದೆ. ಪೊಟ್ಟಣ ಬಿಡಿಸುವ ಮೊದಲು, ಬದಲಿಸಿದ ನಂತರ ಸಾಬೂನಿನಿಂದ ಕೈ ತೊಳೆಯಲು ಕಲಿಸಿ. ತಾಯಂದಿರೇ, ಮುಂದಿನ ಪೋಷಕರ ಸಭೆಗೆ ಹೋದಾಗ ಅಂಕಗಳ ಜೊತೆಗೆ ಇದನ್ನೂ ವಿಚಾರಿಸಿ. ಐದು ರೂಪಾಯಿಯ ಒಂದು ನಾಣ್ಯ ಜೊತೆಗೆ ಒಯ್ದು, ಯಂತ್ರಕ್ಕೆ ನೀವೇ ಹಾಕಿ ನೋಡಿ.