ಭೂಮಿಯ ಸೂಕ್ಷ್ಮಜೀವಿಗಳೂ ಯೂರಿಯಾ ಗೊಬ್ಬರವೂ

ಸಿಂಧನೂರು ಸೀಮೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಜಮೀನುದಾರರು ಯೂರಿಯಾ ಗೊಬ್ಬರಕ್ಕಾಗಿ ಬಹಳ ಹಣವನ್ನು ವೆಚ್ಚಮಾಡುತ್ತಾರೆ. ಅದರಲ್ಲಿ ಒಂದಂಶವು ಪೈರಿಗೆ ಸೇರದೆ ಗಾಳಿಯ ಪಾಲಾಗುವುದುಂಟು. ಇದರ ಕಾರಣವನ್ನು ತಿಳಿದಲ್ಲದೆ ನಷ್ಟವನ್ನು ತಡೆಯಲಾಗದು.

ಮಣ್ಣಿನಲ್ಲಿ ಬರಿಗಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ಅಸಂಖ್ಯಾತವಾಗಿವೆ. ಕೊಳೆತ ಎಲೆ, ಬೇರು, ಸಗಣಿಗಳಲ್ಲಿ ಪಿರಿಮಿಡಿನ್ ಎಂಬ ಸಾರಜನಕಯುಕ್ತ ದ್ರವ್ಯಗಳಿರುತ್ತವೆ. ಬ್ಯಾಕ್ಟೀರಿಯಗಳು ಇವನ್ನು ತಮ್ಮ ಕಿಣ್ವಗಳಿಂದ ಹಂತಹಂತವಾಗಿ ಒಡೆದು ಅಮೋನಿಯವನ್ನು ಬಿಡುತ್ತವೆ. ಗೊಬ್ಬರ ಕಳಿಯುವ ಈ ಕಾರ್ಯವು ನಿಧಾನವಾಗಿ ನಡೆಯುವುದರಿಂದ ಪೈರಿಗೆ ಹಿತಕರವು. ಯೂರಿಯಾವನ್ನು ಒಡೆಯುವ ಯೂರಿಯೇಸ್ ಎಂಬ ಕಿಣ್ವವಾದರೋ ಕೆಲವೇ ದಿವಸಗಳಲ್ಲಿ ಕೆಲಸ ಮುಗಿಸುತ್ತದೆ. ಈ ಕಿಣ್ವವನ್ನು ಅಮೆರಿಕದ ಜೇಮ್ಸ್ ಸಮ್ನರ್ ಎಂಬ ವಿದ್ವಾಂಸರು 1926ರಲ್ಲಿ ಹರಳುರೂಪದಲ್ಲಿ ಬೇರ್ಪಡಿಸಿ, 1946ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.

ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕವಿದೆ. ಕ್ಷಾರಗುಣವುಳ್ಳ ಎರೆಭೂಮಿಯ ಮೇಲೆ ಇದನ್ನು ಸುಮ್ಮನೆ ಚೆಲ್ಲಿದರೆ ಅಮೋನಿಯವು ಆವಿಯಾಗಿ ಹಾರಿಹೋಗುವುದು. ಆದಕಾರಣ ಗದ್ದೆಯಲ್ಲಿ ನಿಂತ ನೀರನ್ನು ಬಸಿದು ಗೊಬ್ಬರ ಹಾಕಿ, ಒಂದೆರಡು ದಿವಸಗಳ ತರುವಾಯ ನೀರು ಕಟ್ಟತಕ್ಕದ್ದು. ಒಂದೇ ಸಲಕ್ಕೆ ಹಾಕದೆ ಎರಡು ಮೂರು ಕಂತು ಮಾಡುವುದು ಲೇಸು. ಲಿಂಗಸೂಗೂರು, ಮಸ್ಕಿಗಳ ಮಳೆಯಾಶ್ರಿತ ಹೊಲಗಳಲ್ಲಿ ಭೂಮಿಯು ಹದವಾಗಿರುವಾಗ ಸಾಲಿನ ಮಗ್ಗುಲಿಗೆ ಹಾಕಿ, ಎಡೆಹೊಡೆದು ಮಣ್ಣು ಮುಚ್ಚತಕ್ಕದ್ದು.

ದನಗಳ ಗಂಜಲದಲ್ಲಿಯೂ ಯೂರಿಯಾ ಇರುವುದರಿಂದ ಅದನ್ನು ಹರಿಯಬಿಡದೆ ತಿಪ್ಪೆಗೆ ಸೇರಿಸಿ, ತಿಪ್ಪೆಯ ಮೇಲೆ ಮಣ್ಣು ಹರಡುವುದು ಉತ್ತಮ. ಗ್ರಾಮದ ಗೌಡರು ಮೊದಲು ತಮ್ಮ ಭೂಮಿಯಲ್ಲಿಯೇ ಇದನ್ನು ಮಾಡಿ ತೋರಿಸಿದಲ್ಲಿ ಉಳಿದ ರೈತರೂ ಅನುಸರಿಸುವರು.